ಎರಿಕ್ ಗಿಲ್‌ನ ಅಕ್ಷರಗಳನ್ನು ಬಳಸಬಹುದೇ?

ಅಕ್ಷರ ವಿನ್ಯಾಸದ ತರಗತಿಯಲ್ಲಿ ಎರಿಕ್ ಗಿಲ್‌ನ ಹೆಸರು ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ: ಇಂಥ ಮನುಷ್ಯ ರೂಪಿಸಿದ ಅಕ್ಷರಗಳನ್ನು ನಾವು ಬಳಸಬಹುದೇ, ಅವನು ಎಸಗಿದ ಅಪರಾಧದಿಂದ ಅವನ ಕೃತಿಗಳ ಮೌಲ್ಯ ಕುಗ್ಗುವುದಿಲ್ಲವೇ? ಅಕ್ಷರಗಳನ್ನು ನಾನು ಬಳಸುತ್ತೇನೆ. ಆದರೆ ಅವನ ಕೆಲವು ಚಿತ್ರಗಳನ್ನು ಹಿಂದಿನಂತೆ ನೋಡಲಾರೆ, ಹಾಗೆ ನೋಡಿರೆಂದು ಬೇರೆಯವರಿಗೂ ಹೇಳಲಾರೆ.

ಗಿಲ್ (1882–1940) ಇಂಗ್ಲೆಂಡಿನ ಶಿಲ್ಪಿ, ಮರದಚ್ಚಿನ ಚಿತ್ರಗಳ ಕಲಾವಿದ, ಕಲ್ಲಿನಲ್ಲಿ ಅಕ್ಷರ ಕೆತ್ತುವುದರಲ್ಲಿ ನಿಸ್ಸೀಮ. ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ, ಡಿಚ್ಲಿಂಗ್ ಎಂಬ ಹಳ್ಳಿಯಲ್ಲಿ ಕುಶಲಕರ್ಮಿಗಳ ಸಂಘವೊಂದನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಅವನು ಸತ್ತು ಸುಮಾರು ಅರ್ಧ ಶತಮಾನವಾದ ಮೇಲೆ, 1989ರಲ್ಲಿ, ಫಿಯೋನಾ ಮೆಕಾರ್ಥಿ ಬರೆದ ಜೀವನಚರಿತ್ರೆ ಹೊರಬಂತು. ತನ್ನ ಹಿರಿಯ ಹೆಣ್ಣುಮಕ್ಕಳಿಬ್ಬರ ಮೇಲೆ, ಅವರ ಹರೆಯದಲ್ಲಿ, ಅವನು ಲೈಂಗಿಕ ದೌರ್ಜನ್ಯ ಎಸಗಿದ್ದ ಸಂಗತಿ ಅವನದೇ ದಿನಚರಿಯ ಬರಹಗಳಿಂದ ಲೋಕಕ್ಕೆ ತಿಳಿದದ್ದು ಆಗ. ನ್ಯಾಯಾಲಯದ ವಿಚಾರಣೆಯನ್ನು ಅವನು ಎಂದೂ ಎದುರಿಸಲಿಲ್ಲ.

ಮೊದಲು ಅಕ್ಷರಗಳ ವಿಷಯ. 1926ರಲ್ಲಿ ಬ್ರಿಸ್ಟಲ್ ನಗರದ ಪುಸ್ತಕದಂಗಡಿಯೊಂದಕ್ಕೆ ಗಿಲ್ ಬರೆದುಕೊಟ್ಟ ನಾಮಫಲಕ ಮುದ್ರಣಕ್ಕೆ ಅಚ್ಚಕ್ಷರ ಒದಗಿಸುತ್ತಿದ್ದ ಮೊನೊಟೈಪ್ ಕಂಪನಿಯ ಸಲಹೆಗಾರ ಸ್ಟಾನ್ಲಿ ಮಾರಿಸನ್‌ರ ಕಣ್ಣಿಗೆ ಬಿತ್ತು. ಅಲ್ಲಿಂದ ಶುರುವಾದ ಕೆಲಸ 1928ರಲ್ಲಿ ಗಿಲ್ ಸಾನ್ಸ್ ಎಂಬ ಅಚ್ಚಕ್ಷರವಾಗಿ ಹೊರಬಂತು. ಇಂಗ್ಲಿಷಿನ ಸಣ್ಣಕ್ಷರ ಜಿ ಅದರಲ್ಲಿ ಕನ್ನಡಕದ ಹಾಗೆ ಎರಡು ಸುತ್ತುಗಳಾಗಿ ನಿಲ್ಲುತ್ತದೆ. ದೊಡ್ಡಕ್ಷರ ಆರ್ ತನ್ನ ಕಾಲನ್ನು ಮುಂದಕ್ಕೆ ಚಾಚುತ್ತದೆ. ಆದರೆ ಇದು ಗಿಲ್ ಒಬ್ಬನ ಸೃಷ್ಟಿಯಲ್ಲ. ಅವನ ಗುರು ಎಡ್ವರ್ಡ್ ಜಾನ್‌ಸ್ಟನ್ ಲಂಡನ್ನಿನ ಸುರಂಗ ರೈಲಿಗೆಂದು ರೂಪಿಸಿ 1916ರಲ್ಲಿ ಬಳಕೆಗೆ ಬಂದ ಅಕ್ಷರಗಳೇ ಇದರ ಬುನಾದಿ; ಗಿಲ್‌ನ ರೇಖಾಚಿತ್ರಗಳನ್ನು ತಿದ್ದಿ, ಅಳೆದು, ಲೋಹಕ್ಕಿಳಿಸಿದವರು ಮೊನೊಟೈಪ್‌ನ ನಕ್ಷೆ ವಿಭಾಗದ ಕೆಲಸಗಾರರು. ನೂರಾರು ಜನ ಪುಸ್ತಕ, ವೇಳಾಪಟ್ಟಿ, ಫಲಕಗಳಲ್ಲಿ ಬಳಸಿ ಬಳಸಿ ಅದಕ್ಕೆ ಇಂದಿನ ಅರ್ಥವನ್ನು ಕೊಟ್ಟಿದ್ದಾರೆ. ಆ ಅಕ್ಷರಗಳ ತೂಕ, ಅಂತರ, ಓದಿಸಿಕೊಳ್ಳುವ ಗುಣ ಇವುಗಳನ್ನು ಗಿಲ್‌ನ ಮನೆಯಲ್ಲಿ ನಡೆದದ್ದು ಬದಲಿಸದು. ಇಷ್ಟಾದರೂ ಮಕ್ಕಳ ರಕ್ಷಣೆಗಾಗಿ ದುಡಿಯುವ ಸೇವ್ ದ ಚಿಲ್ಡ್ರನ್ ಸಂಸ್ಥೆ 2022ರಲ್ಲಿ ಈ ಅಕ್ಷರವನ್ನು ಕೈಬಿಡಲು ತೀರ್ಮಾನಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅಕ್ಷರ ಕೆಟ್ಟದ್ದೆಂದಲ್ಲ, ಆ ಸಂಸ್ಥೆಯ ಬಾಯಲ್ಲಿ ಅದು ಹೊಂದುವುದಿಲ್ಲವೆಂದು.

‘ಕಲೆಯೇ ಬೇರೆ, ಕಲಾವಿದನೇ ಬೇರೆ’ ಎಂಬ ಮಾತನ್ನು ಗಿಲ್‌ನ ಪರವಾಗಿ ಆಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಈ ವಿಭಜನೆಯನ್ನು ಅವನೇ ಒಪ್ಪುತ್ತಿರಲಿಲ್ಲ. ಭಾರತೀಯ ಶಿಲ್ಪವನ್ನು ಅಪಾರವಾಗಿ ಗೌರವಿಸಿದ, ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರ ‘ವಿಶ್ವಕರ್ಮ’ ಸಂಪುಟಕ್ಕೆ ಮುನ್ನುಡಿ ಬರೆದ ಗಿಲ್, ದುಡಿಮೆ, ಪೂಜೆ, ಕುಟುಂಬ, ಕಲೆ ಎಲ್ಲವೂ ಒಂದೇ ಬಾಳಿನ ಅಂಗಗಳೆಂದು ಜೀವನದುದ್ದಕ್ಕೂ ಬೋಧಿಸಿದ. ಅವನ ಖ್ಯಾತಿಯ ದೊಡ್ಡ ಪಾಲು ಕೆತ್ತನೆಯಿಂದಷ್ಟೇ ಬಂದದ್ದಲ್ಲ. ಮಾದರಿ ಗೃಹಸ್ಥ, ಧಾರ್ಮಿಕ ಕುಶಲಕರ್ಮಿ ಎಂಬ ಚಿತ್ರದಿಂದಲೂ ಬಂದದ್ದು. ಆ ಪಾಲು ಸುಳ್ಳಿನ ಮೇಲೆ ನಿಂತಿತ್ತು, ಅದು ಕುಸಿಯಲೇಬೇಕು.

ನನಗೆ ನಿಜಕ್ಕೂ ಕಷ್ಟವಾಗುವುದು 1920ರ ದಶಕದ ಆರಂಭದಲ್ಲಿ ಅವನು ಮಾಡಿದ, ಸ್ನಾನದ ತೊಟ್ಟಿಯಲ್ಲಿ ಕುಳಿತ ಹುಡುಗಿಯ ಮರದಚ್ಚಿನ ಚಿತ್ರ. ಕಪ್ಪಿನೊಳಗಿಂದ ಬಿಳಿಯ ರೇಖೆಗಳನ್ನು ಬಿಡಿಸಿ ತೆಗೆದ ಆ ಕೈಚಳಕ ಅಸಾಧಾರಣವಾದದ್ದು. ಆದರೆ ಆ ಹುಡುಗಿ ಅವನ ಎರಡನೆಯ ಮಗಳು. ತೊಟ್ಟಿಯ ಪಕ್ಕದಲ್ಲಿ ನಿಂತು ನೋಡುತ್ತಿರುವ ಕಣ್ಣು ಯಾರದೆಂದು ತಿಳಿದ ಮೇಲೆ, ಪ್ರೇಕ್ಷಕರಾದ ನಾವು ಅವನ ಜಾಗದಲ್ಲೇ ನಿಂತು ನೋಡಬೇಕಾಗುತ್ತದೆ. ಇಲ್ಲಿ ಅಪರಾಧವನ್ನು ಹೊರಗಿನಿಂದ ತಂದು ಕೃತಿಗೆ ಅಂಟಿಸುತ್ತಿದ್ದೇವೆಂಬ ಆಕ್ಷೇಪ ನಿಲ್ಲುವುದಿಲ್ಲ, ಏಕೆಂದರೆ ನೋಟವೇ ಆ ಕೃತಿಯ ವಸ್ತು. 2017ರಲ್ಲಿ ಡಿಚ್ಲಿಂಗ್‌ನ ವಸ್ತುಸಂಗ್ರಹಾಲಯ ಗಿಲ್‌ನ ಕೃತಿಗಳನ್ನು ಈ ಸಂಗತಿಯನ್ನು ಮರೆಮಾಚದೆ ಪ್ರದರ್ಶಿಸಿತು. 1910ರಲ್ಲಿ ಅವನು ಅದೇ ಮಗಳಿಗಾಗಿ ಕೆತ್ತಿದ ಮರದ ಬೊಂಬೆಯ ತಲೆಯೂ ಅಲ್ಲಿತ್ತು. ಬಚ್ಚಿಡುವುದಕ್ಕಿಂತ ಹೀಗೆ ತೋರಿಸುವುದೇ ಮೇಲು.

ಲಂಡನ್ನಿನ ಬಿಬಿಸಿ ಕಟ್ಟಡದ ಮುಂಬಾಗಿಲ ಮೇಲಿರುವ ಗಿಲ್‌ನ ಶಿಲ್ಪ ಇನ್ನೊಂದು ಬಗೆಯ ಸಮಸ್ಯೆ. ಮುದುಕ ಮಾಂತ್ರಿಕನ ಮುಂದೆ ಬತ್ತಲೆಯಾಗಿ ನಿಂತ ಬಾಲಕನ ಆ ಶಿಲ್ಪವನ್ನು 2022ರ ಜನವರಿಯಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ. 2023ರಲ್ಲಿ ಮತ್ತೆ ದಾಳಿಯಾಯಿತು. ಒಡೆಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ಪುಸ್ತಕದ ಚಿತ್ರವನ್ನು ಮಗುಚಿ ಮುಂದೆ ಹೋಗಬಹುದು, ಬೀದಿಯ ಶಿಲ್ಪದಡಿ ಹಾದುಹೋಗುವವರಿಗೆ ಆ ಆಯ್ಕೆ ಇಲ್ಲ. ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್‌ನಲ್ಲಿ ಅವನು ಕೆತ್ತಿದ, ಯೇಸುವಿನ ಶಿಲುಬೆಯ ಹಾದಿಯ 14 ಫಲಕಗಳ ಮುಂದೆ ಪ್ರಾರ್ಥಿಸಲು ಬರುವವರಲ್ಲಿ ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದವರೂ ಇರುತ್ತಾರೆ. ಅವುಗಳನ್ನು ತೆಗೆಯಬೇಕೆಂದು ಅವರ ಪರವಾಗಿ ಕೇಳಿದವರ ಮಾತನ್ನು ಕಲೆಯ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ.

ಕಾರವಾಜ್ಜೊನ ಉದಾಹರಣೆಯನ್ನು ಇಲ್ಲಿ ಯಾರಾದರೂ ಎತ್ತುತ್ತಾರೆ. 1606ರಲ್ಲಿ ರೋಮಿನಲ್ಲಿ ಒಬ್ಬನನ್ನು ಕೊಂದು ಓಡಿಹೋದ ಆ ಚಿತ್ರಕಾರನನ್ನು ನಾವು ಮೆಚ್ಚುವುದಿಲ್ಲವೇ ಎಂದು. ಮೆಚ್ಚುತ್ತೇವೆ. ಆದರೆ ಬೈಬಲಿನ ದೈತ್ಯ ಗೊಲಿಯಾತನ ಕಡಿದ ತಲೆಗೆ ತನ್ನದೇ ಮುಖವನ್ನಿಟ್ಟು ಅವನು ಬರೆದ ಚಿತ್ರದಲ್ಲಿ ಅಪರಾಧಿ ತನ್ನನ್ನೇ ಎದುರಿಗೆ ನಿಲ್ಲಿಸಿಕೊಂಡಿದ್ದಾನೆ. ಗಿಲ್‌ನ ಚಿತ್ರದಲ್ಲಿ ನಮ್ಮೆದುರು ಇರುವವಳು ಮಗಳು. ಕಲಾವಿದ ಬದುಕಿದ್ದರಂತೂ ಲೆಕ್ಕವೇ ಬೇರೆ: ಕೊಟ್ಟ ಹಣ, ಪ್ರಶಸ್ತಿ, ವೇದಿಕೆ ಎಲ್ಲವೂ ಅವನಿಗೆ ಮತ್ತಷ್ಟು ಜನರ ಮೇಲೆ ಅಧಿಕಾರ ಕೊಡುತ್ತವೆ, ಆದ್ದರಿಂದ ಅವನ್ನು ತಡೆಹಿಡಿಯುವುದರಲ್ಲಿ ನನಗೆ ಹಿಂಜರಿಕೆಯಿಲ್ಲ.

ಹೀಗಾಗಿ ತರಗತಿಯಲ್ಲಿ ಗಿಲ್ ಸಾನ್ಸ್ ಕಲಿಸುವಾಗ ಜಾನ್‌ಸ್ಟನ್‌ನ ಹೆಸರನ್ನೂ ಮೊನೊಟೈಪ್‌ನ ಕೆಲಸಗಾರರ ಪಾಲನ್ನೂ ಹೇಳುತ್ತೇನೆ, 1989ರಲ್ಲಿ ಬಯಲಾದದ್ದನ್ನೂ ಹೇಳುತ್ತೇನೆ. ಆ ಮಗಳು ಮುಂದೆ ನೇಯ್ಗೆಯನ್ನು ಕಸುಬಾಗಿಸಿಕೊಂಡು ಸ್ವತಃ ಕಲಾವಿದೆಯಾಗಿ ಬಾಳಿದರೆಂಬುದನ್ನೂ ಬಿಡದೆ ಸೇರಿಸುತ್ತೇನೆ. ತಂದೆಯ ಕೃತಿಗಳ ಬಗ್ಗೆ ಇಷ್ಟು ವಾದಿಸುವ ನಾವು ಅವರ ಕೈಯ ಬಟ್ಟೆಯ ಬಗ್ಗೆ ಮಾತಾಡಿದ್ದು ತೀರ ಕಡಿಮೆ.