ಒಂದು ಗಾಳಿ, ಮೂರು ಶತಮಾನದ ಉಷ್ಣತೆ: ಗೋರ್ಡನ್ ಮ್ಯಾನ್ಲಿ

ಬ್ರಿಟನ್ನಿನಲ್ಲಿ ಜನ ಹೆಸರಿಟ್ಟು ಕರೆಯುವ ಗಾಳಿ ಒಂದೇ ಎನ್ನುತ್ತಾರೆ. ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನ 893 ಮೀಟರ್ ಎತ್ತರದ ಕ್ರಾಸ್ ಫೆಲ್ ಕಡೆಯಿಂದ ಈಡನ್ ಕಣಿವೆಗೆ ಧುಮುಕುವ ಹೆಲ್ಮ್ ಗಾಳಿ ಅದು. ಅದನ್ನು ಬೆಟ್ಟದ ಮೇಲೆಯೇ ಅಳೆದು, ಅದು ಹುಟ್ಟುವ ಬಗೆಯನ್ನು ವಿವರಿಸಿದವರು ಭೂಗೋಳದ ಅಧ್ಯಾಪಕ ಗೋರ್ಡನ್ ಮ್ಯಾನ್ಲಿ. ಅವರ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಉಷ್ಣತೆಯ ಒಂದು ದೀರ್ಘ ಕೋಷ್ಟಕದ ಕಾರಣದಿಂದ. ಆ ಕೋಷ್ಟಕದ ಹಿಂದಿರುವ ಎಚ್ಚರ ಬೆಟ್ಟದ ಮೇಲೆ ಕಲಿತದ್ದು ಎಂಬುದು ನನ್ನ ಅಭಿಪ್ರಾಯ.

1902ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿದ ಮ್ಯಾನ್ಲಿ, ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗನ್ನೂ ಕೇಂಬ್ರಿಜ್‌ನಲ್ಲಿ ಭೂಗೋಳವನ್ನೂ ಓದಿ, ಹವಾಮಾನ ಇಲಾಖೆಯಲ್ಲಿ ಅಲ್ಪಕಾಲ ದುಡಿದು, 1928ರಲ್ಲಿ ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಭೂಗೋಳ ವಿಭಾಗವನ್ನು ಆರಂಭಿಸಿದರು. 1932ರಲ್ಲಿ ಪೆನೈನ್ ಮೇಲಿನ ಮೂರ್ ಹೌಸ್‌ನಲ್ಲಿ ಉಪಕರಣಗಳನ್ನಿಟ್ಟರು. 1937ರಿಂದ 1941ರವರೆಗೆ ಇನ್ನೂ ಮೇಲಿನ ಗ್ರೇಟ್ ಡನ್ ಫೆಲ್ ಶಿಖರದ ಬಳಿ ಒಂದು ಚಿಕ್ಕ ಗುಡಿಸಲನ್ನೇ ವೀಕ್ಷಣಾಲಯ ಮಾಡಿಕೊಂಡರು. ಇಂಗ್ಲೆಂಡಿನ ಆ ನೆತ್ತಿಯ ವಾಯುಗುಣ ಐಸ್‌ಲ್ಯಾಂಡಿನ ಕರಾವಳಿಯದನ್ನು ಹೋಲುತ್ತದೆ ಎಂದು ಅವರು ತೋರಿಸಿಕೊಟ್ಟದ್ದು ಅಲ್ಲಿನ ಅಂಕಿಗಳಿಂದಲೇ.

ಪೆನೈನ್ ಸಾಲು ಪೂರ್ವಕ್ಕೆ ನಿಧಾನವಾಗಿ ಇಳಿದರೆ, ಪಶ್ಚಿಮಕ್ಕೆ ಕಡಿದಾಗಿ ಬೀಳುತ್ತದೆ. ಈಶಾನ್ಯದಿಂದ ಬರುವ ತಣ್ಣನೆಯ ಗಾಳಿ ಪೂರ್ವದ ಇಳಿಜಾರನ್ನು ಏರುವಾಗ ನೆತ್ತಿಯ ಮೇಲೆ ಮೋಡದ ಮುಸುಕು ಕವಿಯುತ್ತದೆ. ಮೇಲೆ ಬೆಚ್ಚನೆಯ ಪದರವೊಂದು ಅಡ್ಡವಾಗಿದ್ದರೆ ಗಾಳಿಗೆ ಎತ್ತರಕ್ಕೆ ಹರಡಲು ಆಸ್ಪದವಿರುವುದಿಲ್ಲ. ಆಗ ಅದು ಅಡ್ಡಕಟ್ಟೆಯನ್ನು ದಾಟಿದ ಹೊಳೆಯ ನೀರಿನಂತೆ ರಭಸದಿಂದ ಕೆಳಗಿಳಿದು, ಮುಂದೆ ನಿಂತಲ್ಲೇ ನಿಲ್ಲುವ ಅಲೆಯಾಗಿ ಮತ್ತೆ ಮೇಲೇಳುತ್ತದೆ. ಆ ಅಲೆಯ ನೆತ್ತಿಯಲ್ಲಿ ಬೆಟ್ಟಕ್ಕೆ ಸಮಾನಾಂತರವಾಗಿ ಇನ್ನೊಂದು ಮೋಡದ ಪಟ್ಟಿ ಕದಲದೆ ನಿಂತಿರುತ್ತದೆ. ಬುಡದ ಹಳ್ಳಿಗಳಲ್ಲಿ ಗಾಳಿ ಮೊರೆಯುತ್ತಿರುವಾಗಲೇ ಆ ಪಟ್ಟಿಯ ಅಡಿಯಲ್ಲಿ ಅದು ಅಡಗಿಬಿಡುತ್ತದೆ. ಅದರಾಚೆ ಪಶ್ಚಿಮದಿಂದ ತೆಳುಗಾಳಿಯೂ ಬೀಸಬಹುದು. ಹೆಲ್ಮ್ ಗಾಳಿಯ ಬಗ್ಗೆ ಮ್ಯಾನ್ಲಿ ಬರೆದ ಪ್ರಬಂಧ 1945ರಲ್ಲಿ ಪ್ರಕಟವಾಯಿತು. ನೆಲದ ಆಕಾರವನ್ನೂ ಗಾಳಿಯ ಚಲನೆಯನ್ನೂ ಒಟ್ಟಿಗೆ ಓದಬಲ್ಲವರಿಗೆ ಹೇಳಿಮಾಡಿಸಿದ ವಿಷಯ ಅದು.

ಆಮೇಲಿನ ಹುದ್ದೆಗಳು ಹಲವು: ಕೇಂಬ್ರಿಜ್, 1948ರಿಂದ ಲಂಡನ್ನಿನ ಬೆಡ್‌ಫರ್ಡ್ ಕಾಲೇಜು, 1964ರಲ್ಲಿ ಹೊಸ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯ. ಈ ನಡುವೆ ಅವರು ಹಳೆಯ ದಿನಚರಿಗಳನ್ನೂ ವೀಕ್ಷಕರ ಟಿಪ್ಪಣಿಗಳನ್ನೂ ಹುಡುಕಿ ಹೊಂದಿಸಿ, ಮಧ್ಯ ಇಂಗ್ಲೆಂಡಿನ ತಿಂಗಳ ಸರಾಸರಿ ಉಷ್ಣತೆಯನ್ನು 1953ರಲ್ಲಿ 1698ರವರೆಗೆ, 1974ರಲ್ಲಿ 1659ರವರೆಗೆ ಹಿಂದಕ್ಕೆ ಒಯ್ದರು. ಉಪಕರಣಗಳಿಂದ ಅಳೆದ ಉಷ್ಣತೆಯ ಸರಣಿಗಳಲ್ಲಿ ಜಗತ್ತಿನಲ್ಲೇ ಅತಿ ದೀರ್ಘವಾದುದು ಇದು.

ಅತಿ ಹಳೆಯ ಭಾಗ ಎಷ್ಟು ನಂಬಲರ್ಹ ಎಂದು ಕೇಳುವುದು ನ್ಯಾಯವೇ. ಆ ಕಾಲದ ಥರ್ಮಾಮೀಟರುಗಳು ಎಷ್ಟೋ ಸಲ ಬೆಂಕಿ ಹಾಕದ ಕೋಣೆಗಳೊಳಗೆ ಇರುತ್ತಿದ್ದವು. 1707ರ ನಂತರದ ಕೆಲವು ವರ್ಷಗಳಿಗೆ ಮ್ಯಾನ್ಲಿ ಸಮುದ್ರದಾಚೆಯ ಉಟ್ರೆಕ್ಟ್ ನಗರದ ಅಂಕಿಗಳನ್ನು ಆಧಾರವಾಗಿ ತೆಗೆದುಕೊಳ್ಳಬೇಕಾಯಿತು. ಆದರೆ ಅವರು ಆ ಕೊರತೆಯನ್ನು ದಶಮಾಂಶಗಳಿಂದ ಮುಚ್ಚಲಿಲ್ಲ. ಮೊದಲ ವರ್ಷಗಳ ಉಷ್ಣತೆಯನ್ನು ಇಡೀ ಡಿಗ್ರಿಗಳಲ್ಲಿ, ನಂತರದ ಹಲವು ವರ್ಷಗಳದನ್ನು ಬಹುಮಟ್ಟಿಗೆ ಅರ್ಧ ಡಿಗ್ರಿಗಳಲ್ಲಿ ಕೊಟ್ಟರು.