ಮೇಯೋ ಹಾಲ್‌ನ ಮೇಲ್ಮಹಡಿ

ಇಂದು ಮಧ್ಯಾಹ್ನ ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿಯ ಮೇಯೋ ಹಾಲ್ ಕಟ್ಟಡದ ಮುಂದೆ ಹಾದುಹೋಗುವಾಗ, ಕಪ್ಪು ಕೋಟಿನ ವಕೀಲರ ನಡುವೆ ಮಗುವೊಂದನ್ನು ಕೈಹಿಡಿದು ಬಂದ ಅಜ್ಜರೊಬ್ಬರು ಕೆಂಪೇಗೌಡರ ಮ್ಯೂಸಿಯಂ ಎಲ್ಲಿದೆ ಎಂದು ನನ್ನನ್ನು ಕೇಳಿದರು.

ಮೇಲ್ಮಹಡಿಯಲ್ಲಿದೆ ಎಂದೆ. ಕೆಳಗೆ ನ್ಯಾಯಾಲಯ ನಡೆಯುತ್ತಿರುವುದರಿಂದ ಅವರಿಗೆ ನಂಬಿಕೆಯೇ ಬರಲಿಲ್ಲ.

1872ರ ಫೆಬ್ರುವರಿಯಲ್ಲಿ ಅಂಡಮಾನಿನಲ್ಲಿ ಹತನಾದ ವೈಸ್‌ರಾಯ್ ಲಾರ್ಡ್ ಮೇಯೋನ ನೆನಪಿಗಾಗಿ, ಬ್ರಿಟಿಷರ ಸೇನಾ ನೆಲೆಯಾಗಿದ್ದ ದಂಡು ಪ್ರದೇಶದಲ್ಲಿ 1883ರಲ್ಲಿ ಕಟ್ಟಿಸಿದ ಈ ಭವನದಲ್ಲಿ, ಪೇಟೆಯನ್ನು ಕಟ್ಟಿ ಬೆಂಗಳೂರಿಗೆ ಬುನಾದಿ ಹಾಕಿದ ಕೆಂಪೇಗೌಡರಿಗೆ 2011ರಲ್ಲಷ್ಟೇ ಜಾಗ ದೊರೆಯಿತು. ಪೇಟೆ ಮತ್ತು ದಂಡು ಬಹುಕಾಲ ಬೇರೆ ಬೇರೆ ಆಡಳಿತದಲ್ಲಿದ್ದು, 1949ರಲ್ಲಿ ಒಂದೇ ನಗರಪಾಲಿಕೆಯ ಅಡಿಗೆ ಬಂದವು ಎಂಬುದನ್ನು ನೆನೆದರೆ, ಪೇಟೆಯ ಒಡೆಯ ದಂಡಿನ ಈ ಮಹಡಿಯನ್ನು ಏರಿರುವುದು ನನಗೆ ಬಹಳ ಸಂತೋಷ ಕೊಡುತ್ತದೆ.

ಹಳೆಯ ಕಟ್ಟಡವನ್ನು ಬೀಗ ಹಾಕಿ ಕಾಪಾಡುವುದಕ್ಕಿಂತ, ಹೀಗೆ ದಿನವೂ ಜನ ಓಡಾಡುವಂತೆ ಬಳಸುವುದೇ ಮೇಲು ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಮೇಲೊಂದು ಮ್ಯೂಸಿಯಂ ಇದೆ ಎಂದು ರಸ್ತೆಯಿಂದಲೇ ಕಾಣುವಂತಹ ದೊಡ್ಡ ಕನ್ನಡ ಫಲಕವಿದ್ದರೆ, ಆ ಅಜ್ಜರಂತಹವರು ಯಾರನ್ನೂ ಕೇಳದೆ ನೇರವಾಗಿ ಮೆಟ್ಟಿಲು ಹತ್ತಬಹುದು.