ಮದ್ರಾಸಿನಲ್ಲಿ ಹುಟ್ಟಿದ ಡ್ರಮ್ಮರ್

ಲಿವರ್‌ಪೂಲಿಗೆ ಹೋದಮೇಲೆ ಬೀಟಲ್ಸ್ ಬ್ಯಾಂಡ್‌ನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಊರಿನ ಏರ್‌ಪೋರ್ಟಿಗೇ ಜಾನ್ ಲೆನನ್ ಹೆಸರು. ನದಿ ದಂಡೆಯಲ್ಲಿ ನಾಲ್ವರ ಕಂಚಿನ ಪ್ರತಿಮೆ, ಅದರ ಮುಂದೆ ಫೋಟೋಗೆ ಸಾಲು. ನಾನೇನು ಅವರ ಭಕ್ತೆಯಲ್ಲ. ಹಾಡು ಕೇಳಿದ್ದೀನಿ, ಇಷ್ಟ, ಅಷ್ಟೇ. ಹುಚ್ಚು ಇರೋದು ಅಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗನಿಗೆ. ಅವನೂ ಒಂದು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಆಫೀಸ್ ಕೆಲಸಕ್ಕೆ ಮ್ಯಾಂಚೆಸ್ಟರಿಗೆ ಹೋದವಳು ಶನಿವಾರ ರೈಲು ಹತ್ತಿ ಅವನನ್ನು ನೋಡಲು ಹೋದೆ.

ಬೀಟಲ್ಸ್ ನುಡಿಸಿ ಹೆಸರಾದ ಕ್ಯಾವರ್ನ್ ಕ್ಲಬ್ಬಿಗೆ ಕರೆದುಕೊಂಡು ಹೋಗ್ತಾನೆ ಅಂದುಕೊಂಡಿದ್ದೆ. "ಅದಕ್ಕೆ ಸಂಜೆ ಹೋದ್ರಾಯ್ತು ಚಿಕ್ಕಮ್ಮ. ಮೊದಲು ಕ್ಯಾಸ್ಬಾ ನೋಡೋಣ, ಬುಕ್ ಮಾಡಿದೀನಿ" ಅಂದ. ಆ ಹೆಸರನ್ನೇ ನಾನು ಕೇಳಿರಲಿಲ್ಲ.

ಊರ ಹೊರಗಿನ ವೆಸ್ಟ್ ಡರ್ಬಿ ಎಂಬ ಬಡಾವಣೆಯ ಒಂದು ದೊಡ್ಡ ಹಳೇ ಮನೆ ಅದು. ಮನೆಗಿಂತ ಮುಖ್ಯ ಅದರ ನೆಲಮಾಳಿಗೆ. ಇಳಿದರೆ ಪುಟ್ಟ ಪುಟ್ಟ ಕೋಣೆಗಳು, ಒಂದರೊಳಗೊಂದು. ಚಾವಣಿ ಎಷ್ಟು ತಗ್ಗು ಅಂದರೆ ಕೈ ಎತ್ತಿದರೆ ಮುಟ್ಟುತ್ತದೆ. ಒಂದು ಕೋಣೆಯ ಚಾವಣಿಗೆ ಬಣ್ಣಬಣ್ಣದ ಪಟ್ಟಿ, ಕಾಮನಬಿಲ್ಲಿನ ಹಾಗೆ. ಬಳಿದವನು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ. ಪಟ್ಟಿಗಳ ಅಂಚು ನೇರವಾಗಿಲ್ಲ, ಬೇಸರ ಬಂದು ಬೇಗ ಮುಗಿಸಿದ ಹುಡುಗನ ಕೆಲಸ ಅಂತ ನೋಡಿದರೇ ಗೊತ್ತಾಗುತ್ತೆ. ಇನ್ನೊಂದು ಕಡೆ ನಕ್ಷತ್ರಗಳು. ಹಾಡುವ ಜಾಗವನ್ನು ಹಾಡುವವರೇ ಬಣ್ಣ ಹೊಡೆದು ಸಿದ್ಧ ಮಾಡಿಕೊಂಡಿದ್ದರು. ಇಂದು ಇದು ಸರ್ಕಾರ ಕಾಪಾಡುವ ಪಾರಂಪರಿಕ ಕಟ್ಟಡ.

ಈ ಮನೆ ಮೋನಾ ಬೆಸ್ಟ್ ಎಂಬಾಕೆಯದು. ಹುಟ್ಟಿದ್ದು ದೆಹಲಿಯಲ್ಲಿ. ಆಕೆಯ ಮಗ, ಮುಂದೆ ಬೀಟಲ್ಸ್‌ನ ಡ್ರಮ್ಮರ್ ಆದ ಪೀಟ್ ಬೆಸ್ಟ್ ಹುಟ್ಟಿದ್ದು 1941ರಲ್ಲಿ, ನಮ್ಮ ಮದ್ರಾಸಿನಲ್ಲಿ! ಇದನ್ನು ಕೇಳಿದ ಮೇಲೆ ನನ್ನ ಆಸಕ್ತಿ ಪೂರ್ತಿ ಆ ಕಡೆ ತಿರುಗಿತು. 1945ರಲ್ಲಿ ಹಡಗು ಹತ್ತಿ ಬಂದ ಕುಟುಂಬ. ಈಕೆ ಈ ಮನೆ ಕೊಂಡ ಕತೆಯೂ ಸ್ವಾರಸ್ಯವಾಗಿದೆ. ಒಡವೆ ಅಡವಿಟ್ಟು 1954ರ ಡರ್ಬಿ ಕುದುರೆ ರೇಸಿನಲ್ಲಿ ದುಡ್ಡು ಕಟ್ಟಿದಳಂತೆ. ಯಾರೂ ನೆಚ್ಚದ ಕುದುರೆ, ಒಂದಕ್ಕೆ 33ರ ಲೆಕ್ಕ. ಗೆದ್ದೇ ಬಿಟ್ಟಿತು. ನಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಗೆದ್ದರೂ ಬೈಸಿಕೊಳ್ಳುತ್ತಿದ್ದರು.

ಹುಡುಗರು ಸೇರಲಿ ಅಂತ ಆಕೆ 1959ರ ಆಗಸ್ಟ್ 29ರಂದು ನೆಲಮಾಳಿಗೆಯಲ್ಲಿ ಕಾಫಿ ಕ್ಲಬ್ ತೆರೆದಳು. ಮೊದಲ ರಾತ್ರಿ ಹಾಡಿದ್ದು ಜಾನ್, ಪಾಲ್, ಜಾರ್ಜ್ ಹ್ಯಾರಿಸನ್, ಕೆನ್ ಬ್ರೌನ್. ಆಗಿನ್ನೂ ಅವರ ಬ್ಯಾಂಡಿನ ಹೆಸರು ಕ್ವಾರಿಮೆನ್. ಡ್ರಮ್ಸ್ ಇರಲಿಲ್ಲ, ನಾಲ್ಕೂ ಜನ ಗಿಟಾರ್. ತಲೆಗೆ 15 ಶಿಲಿಂಗ್ ಸಂಬಳ. ಒಂದು ಸಂಜೆ ಕೆನ್‌ಗೆ ಹುಷಾರಿಲ್ಲ, ನುಡಿಸಲಿಲ್ಲ. ಮೋನಾ ಅವನ ಪಾಲಿನ ದುಡ್ಡನ್ನು ಅವನಿಗೇ ಕೊಟ್ಟಳು. ನುಡಿಸದವನಿಗೆ ಯಾಕೆ ದುಡ್ಡು ಅಂತ ಉಳಿದ ಮೂವರು ಸಿಟ್ಟಾಗಿ ಎದ್ದು ಹೋದರು! ಜಗತ್ತನ್ನೇ ಗೆಲ್ಲಲಿದ್ದ ಬ್ಯಾಂಡು 15 ಶಿಲಿಂಗಿಗೆ ಮುರಿದು ಬಿದ್ದಿದ್ದನ್ನು ಆ ಪುಟ್ಟ ಕೋಣೆಯಲ್ಲೇ ನಿಂತು ಕೇಳೋದು ಮಜವಾಗಿತ್ತು.

ಮರುವರ್ಷ ಅವರಿಗೆ ಜರ್ಮನಿಯ ಹ್ಯಾಂಬರ್ಗಿನಿಂದ ಕರೆ ಬಂತು. ಡ್ರಮ್ಮರ್ ಇಲ್ಲದೆ ಹೋಗುವಂತಿಲ್ಲ. ಆಗ ನೆನಪಾದವನು ಪೀಟ್. ಅವನ ಹತ್ತಿರ ಸ್ವಂತ ಡ್ರಮ್ ಸೆಟ್ ಇತ್ತಲ್ವಾ! ಸೇರಿಸಿಕೊಂಡು ಕೆಲವೇ ದಿನಗಳಲ್ಲಿ, 1960ರ ಆಗಸ್ಟಿನಲ್ಲಿ, ವ್ಯಾನ್ ಹತ್ತಿದರು. ಬೇಸ್ ಗಿಟಾರಿಗೆ ಸ್ಟೂ ಸಟ್‌ಕ್ಲಿಫ್ ಇದ್ದ. ಅಲ್ಲಿ ದಿನಾ ರಾತ್ರಿ ನಾಲ್ಕೂವರೆ ಗಂಟೆ, ವಾರದ ಕೊನೆಗೆ ಆರು ಗಂಟೆ ನುಡಿಸಬೇಕು. ಮಲಗೋದು ಒಂದು ಸಿನಿಮಾ ಥಿಯೇಟರಿನ ಪರದೆ ಹಿಂದೆ, ಶೌಚಾಲಯದ ಪಕ್ಕ. ಕ್ಲಬ್ ಮಾಲೀಕ "ಮಾಖ್ ಶೌ" ಅಂತ ಕೂಗುತ್ತಿದ್ದ. ಸುಮ್ನೆ ನಿಂತು ಹಾಡಬೇಡಿ, ಏನಾದರೂ ಆಟ ಕಟ್ಟಿ ಅಂತ. ನನ್ನ ಪ್ರಕಾರ ಬೀಟಲ್ಸ್ ಆಗಿದ್ದು ಅಲ್ಲೇ. ಗೊತ್ತಿದ್ದ ಹಾಡೆಲ್ಲ ಮುಗಿದ ಮೇಲೂ ಇನ್ನೂ ಮೂರು ಗಂಟೆ ಬಾಕಿ ಇದ್ದರೆ ಯಾರಾದರೂ ಕಲಿತೇ ಕಲಿಯುತ್ತಾರೆ.

ವಾಪಸ್ ಬಂದಿದ್ದು ಮಾತ್ರ ಮರ್ಯಾದೆಯಿಂದಲ್ಲ. ಜಾರ್ಜ್‌ಗೆ 18 ತುಂಬಿಲ್ಲ ಅಂತ ಗಡೀಪಾರು. ಪಾಲ್ ಮತ್ತು ಪೀಟ್ ಕತ್ತಲಲ್ಲಿ ಬೆಳಕಿಗೆ ಅಂತ ಏನೋ ಹೊತ್ತಿಸಿ, ಬೆಂಕಿ ಹಚ್ಚಿದ ಆರೋಪದ ಮೇಲೆ ಗಡೀಪಾರು. ಏನು ಹೊತ್ತಿಸಿದರು ಅನ್ನೋದು ಇಲ್ಲಿ ಬೇಡ ಬಿಡಿ. ಆದರೆ ಆ ಡಿಸೆಂಬರ್ 27ರಂದು ಲಿವರ್‌ಪೂಲ್ ಪಕ್ಕದ ಲಿಥರ್ಲಂಡ್ ಟೌನ್ ಹಾಲಿನಲ್ಲಿ ನುಡಿಸಿದಾಗ ಜನ ಹುಚ್ಚೆದ್ದು ವೇದಿಕೆಗೆ ನುಗ್ಗಿದರು. ಪೋಸ್ಟರಿನಲ್ಲಿ 'ಹ್ಯಾಂಬರ್ಗಿನಿಂದ ನೇರ' ಅಂತ ಇತ್ತಂತೆ. ಇವರು ಇಷ್ಟು ಚೆನ್ನಾಗಿ ಇಂಗ್ಲಿಷ್ ಹೇಗೆ ಮಾತಾಡ್ತಾರೆ ಅಂತ ಕೆಲವರು ಬೆರಗಾಗಿದ್ದರು.

ಸಂಜೆ ಮ್ಯಾಥ್ಯೂ ಸ್ಟ್ರೀಟಿಗೆ ಬಂದೆವು. ಕ್ಯಾವರ್ನ್‌ನಲ್ಲಿ ಅವರು ಮೊದಲು ನುಡಿಸಿದ್ದು 1961ರ ಫೆಬ್ರವರಿಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಆಫೀಸು ಅಂಗಡಿಗಳ ಹುಡುಗಿಯರು ಓಡಿ ಬಂದು ಕೇಳಿ, ಮತ್ತೆ ಓಡಿ ಹೋಗಿ ಕೆಲಸಕ್ಕೆ ಕೂರುತ್ತಿದ್ದರು. ಆ ನವೆಂಬರಿನಲ್ಲಿ ಹತ್ತಿರದ ರೆಕಾರ್ಡ್ ಅಂಗಡಿಯ ಬ್ರಯಾನ್ ಎಪ್‌ಸ್ಟೀನ್ ಸೂಟು ಹಾಕಿಕೊಂಡು ಮೆಟ್ಟಿಲಿಳಿದು ಬಂದ. ಮ್ಯಾನೇಜರ್ ಆದ. ಈಗಿರುವುದು ಹಳೆಯ ಕ್ಯಾವರ್ನ್ ಅಲ್ಲ. ಅದು 1973ರಲ್ಲಿ ಮುಚ್ಚಿತು, 1984ರಲ್ಲಿ ಹಳೇ ಇಟ್ಟಿಗೆ ಬಳಸಿ ಮತ್ತೆ ಕಟ್ಟಿದರು. ಚೆನ್ನಾಗಿದೆ, ಆದರೆ ಟೀಶರ್ಟು, ಮಗ್ಗುಗಳ ವ್ಯಾಪಾರ ಜಾಸ್ತಿ.

ಕಮಾನಿನ ಕೆಳಗೆ ಕೂತು ನಾನು ಪೀಟ್ ವಿಷಯ ತೆಗೆದೆ. 1962ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಇಎಂಐ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಡ್ರಮ್ಸ್ ಹಿಡಿಸಲಿಲ್ಲ. ರೆಕಾರ್ಡಿಂಗಿಗೆ ಬೇರೆಯವರನ್ನು ಕರೆಸುತ್ತೇನೆ ಅಂದ, ಬ್ಯಾಂಡಿನಿಂದಲೇ ತೆಗೆಯಿರಿ ಅನ್ನಲಿಲ್ಲ. ಆಗಸ್ಟ್ 16ರಂದು ಎಪ್‌ಸ್ಟೀನ್ ಪೀಟ್‌ನನ್ನು ಆಫೀಸಿಗೆ ಕರೆದು, ನೀನಿನ್ನು ಬೇಡ ಎಂದು ಹೇಳಿದ. ಎರಡು ವರ್ಷ ಜೊತೆಗಿದ್ದ ಜಾನ್, ಪಾಲ್, ಜಾರ್ಜ್ ಮೂವರೂ ಅಲ್ಲಿರಲಿಲ್ಲ. ಅವನ ಜಾಗಕ್ಕೆ ರಿಂಗೋ ಸ್ಟಾರ್ ಬಂದ. ಅಕ್ಟೋಬರಿನಲ್ಲಿ ಮೊದಲ ರೆಕಾರ್ಡ್ ಬಂತು. ಅದರ ಮರುವರ್ಷ ಇಂಗ್ಲೆಂಡನ್ನು ಗೆದ್ದರು, 1964ರಲ್ಲಿ ಅಮೆರಿಕವನ್ನು. ಅಲ್ಲಿ ಟೀವಿ ಮುಂದೆ ಕೂತವರೇ 7.3 ಕೋಟಿ ಜನ. ಪೀಟ್ ಬ್ರೆಡ್ ಲೋಡ್ ಮಾಡುವ ಕೆಲಸ ಮಾಡಿ, ಆಮೇಲೆ ಸರ್ಕಾರಿ ಉದ್ಯೋಗ ಕಚೇರಿ ಸೇರಿದ.

"ಎದುರಿಗೆ ನಿಂತು ಹೇಳೋ ಧೈರ್ಯ ಇರಲಿಲ್ವಾ ಅವರಿಗೆ?" ಅಂದೆ.

"ರಿಂಗೋ ಚೆನ್ನಾಗಿ ನುಡಿಸ್ತಿದ್ದ ಚಿಕ್ಕಮ್ಮ. ಅಷ್ಟೇ."

"ಅದಲ್ಲ ಕಣೋ ನಾನು ಕೇಳಿದ್ದು."

ಅವನು ಸ್ವಲ್ಪ ಹೊತ್ತು ಸ್ಟ್ರಾ ಕಚ್ಚುತ್ತಾ ಕೂತ. "ನಮ್ಮ ಬ್ಯಾಂಡಲ್ಲೂ ಹೋದ ವರ್ಷ ಡ್ರಮ್ಮರ್ ಬದಲಾಯಿಸಿದ್ವಿ."

"ಅವನಿಗೆ ಯಾರು ಹೇಳಿದ್ರು?"

"ವಾಟ್ಸಾಪಲ್ಲಿ ಹಾಕಿದ್ವಿ."

ಈ ಊರಿನ ಹುಡುಗಿಯರು ಆಗ ಸುಮ್ಮನಿರಲಿಲ್ಲ. ಇದೇ ಕ್ಯಾವರ್ನ್‌ನಲ್ಲಿ "ಪೀಟ್ ಫಾರೆವರ್, ರಿಂಗೋ ನೆವರ್" ಅಂತ ಕೂಗಿದರು. ಗಲಾಟೆಯಲ್ಲಿ ಜಾರ್ಜ್ ಹ್ಯಾರಿಸನ್‌ಗೆ ಗುದ್ದು ಬಿದ್ದು ಕಣ್ಣು ಕಪ್ಪಾಯಿತು. ತಮಾಷೆ ನೋಡಿ, ಮೊದಲ ರೆಕಾರ್ಡಿಗೆ ಜಾರ್ಜ್ ಮಾರ್ಟಿನ್‌ಗೆ ರಿಂಗೋ ಮೇಲೂ ನಂಬಿಕೆ ಬರಲಿಲ್ಲ. ಒಂದು ದಿನ ಬೇರೆ ಡ್ರಮ್ಮರನ್ನು ಕೂರಿಸಿ, ರಿಂಗೋ ಕೈಗೆ ಕಂಜೀರದಂಥ ಟ್ಯಾಂಬರಿನ್ ಕೊಟ್ಟ.

ರೈಲಿಗೆ ಕಾಯುವಾಗ ಅವನು ಮೊಬೈಲಿನಲ್ಲಿ ಎರಡು ಆಲ್ಬಮ್ಮಿನ ಮುಖಪುಟ ತೋರಿಸಿದ. ಒಂದು ಬೀಟಲ್ಸ್ 1995ರಲ್ಲಿ ತಂದ ಹಳೇ ಹಾಡುಗಳ ಸಂಗ್ರಹದ್ದು. ಪೀಟ್ ನುಡಿಸಿದ ಹಾಡುಗಳೂ ಅದರಲ್ಲಿವೆ, ಅದರಿಂದ ಅವನಿಗೆ ಕೊನೆಗೂ ಒಳ್ಳೆ ದುಡ್ಡು ಬಂತು. ಮುಖಪುಟದಲ್ಲಿ ಹಳೇ ಗ್ರೂಪ್ ಫೋಟೋ. ಪೀಟ್ ತಲೆ ಇದ್ದಲ್ಲಿ ಹರಿದು, ಆ ತೂತಿನಲ್ಲಿ ರಿಂಗೋ ಮುಖ ಕಾಣುವ ಹಾಗೆ ಮಾಡಿದ್ದಾರೆ. ಇನ್ನೊಂದು 2008ರಲ್ಲಿ ಪೀಟ್‌ನ ಸ್ವಂತ ಬ್ಯಾಂಡ್ ತಂದಿದ್ದು. ಹೆಸರು 'ಹೇಮನ್ಸ್ ಗ್ರೀನ್'. ನಾವು ಬೆಳಿಗ್ಗೆ ಹೋಗಿದ್ದ ಮನೆಯ ರಸ್ತೆ ಅದು. ಮುಖಪುಟದ ಮೇಲೆ ಏನಿದೆ ಗೊತ್ತಾ? ಆ ಫೋಟೋದಿಂದ ಹರಿದು ತೆಗೆದಿದ್ದ ಚೂರು.